ಲಿನಕ್ಸ್ ಹಾಕಿದ ಮೇಲೆ ಮನೆಯ ಇಂಟರ್ನೆಟ್ ಬರುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ಕಂಪ್ಯೂಟರ್‌ನಲ್ಲಿ ಇಂಟರ್ನೆಟ್ ಬಾರದಿದ್ದರೆ ಹೆಚ್ಚಿನವರು ಮೊದಲು ಡಿಎನ್ಎಸ್ (ಜಾಲತಾಣದ ಹೆಸರನ್ನು ವಿಳಾಸವಾಗಿ ಬದಲಿಸುವ ವ್ಯವಸ್ಥೆ) ಬದಲಿಸುತ್ತಾರೆ, ಆಮೇಲೆ ಡ್ರೈವರ್ ಹುಡುಕುತ್ತಾರೆ, ಅದೂ ಆಗದಿದ್ದರೆ ಬೇರೆ ಡಿಸ್ಟ್ರೋ (ಉಬುಂಟು, ಡೆಬಿಯನ್, ಮಿಂಟ್‌ನಂಥ ಲಿನಕ್ಸ್ ರೂಪ) ಹಾಕುತ್ತಾರೆ. ಹೀಗೆ ಮಾಡಿದರೆ ಸರಿಯಾಗಿದ್ದದ್ದೂ ಕೆಡುತ್ತದೆ, ಮೂಲ ದೋಷ ಹಾಗೇ ಉಳಿಯುತ್ತದೆ. ಸಂಪರ್ಕ ಒಂದರ ಹಿಂದೆ ಒಂದು ಹಂತ ದಾಟಿ ಬರುತ್ತದೆ: ಕಾರ್ಡ್ ಗುರುತಾಗಬೇಕು, ಕೇಬಲ್ ಅಥವಾ ವೈಫೈ ಕೂಡಿಕೊಳ್ಳಬೇಕು, ಐಪಿ ವಿಳಾಸ ಸಿಗಬೇಕು, ಪ್ಯಾಕೆಟ್ ರೌಟರ್ ದಾಟಿ ಹೊರಗೆ ಹೋಗಬೇಕು, ಕೊನೆಗೆ ಜಾಲತಾಣದ ಹೆಸರು ವಿಳಾಸವಾಗಿ ಬದಲಾಗಬೇಕು. ಯಾವ ಹಂತದಲ್ಲಿ ನಿಂತಿದೆ ಎಂದು ಗೊತ್ತಾಗುವವರೆಗೆ ಒಂದು ಸೆಟ್ಟಿಂಗನ್ನೂ ಮುಟ್ಟಬೇಡಿ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ. ಬದಲಾವಣೆ ಮಾಡುವ ಕಮಾಂಡ್‌ಗಳ ಮುಂದೆ ‘ಸುಡೋ’ ಸೇರಿಸಬೇಕು.

ವಿಂಡೋಸ್ ಅಳಿಸುವ ಮೊದಲು

ವಿಂಡೋಸ್ ಇನ್ನೂ ಇದ್ದರೆ ಹತ್ತು ನಿಮಿಷ ಅದರಲ್ಲಿ ಕಳೆಯಿರಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಪಿಕಾನ್ಫಿಗ್ /ಆಲ್’ ಕೊಟ್ಟು, ಬಂದದ್ದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅದರಲ್ಲಿ ‘ಡಿಎಚ್‌ಸಿಪಿ ಎನೇಬಲ್ಡ್’ ಎದುರು ‘ನೋ’ ಎಂದಿದ್ದರೆ ವಿಳಾಸವನ್ನು ಯಾರೋ ಕೈಯಾರೆ ತುಂಬಿದ್ದಾರೆ ಎಂದರ್ಥ (ಡಿಎಚ್‌ಸಿಪಿ ಎಂದರೆ ವಿಳಾಸ ತಾನಾಗಿ ಸಿಗುವ ಪದ್ಧತಿ). ಆ ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್ಎಸ್ ನಾಲ್ಕೂ ಲಿನಕ್ಸ್‌ನಲ್ಲಿ ಮತ್ತೆ ಬೇಕಾಗುತ್ತವೆ. ‘ಫಿಸಿಕಲ್ ಅಡ್ರೆಸ್’ ಎಂದು ಕಾಣುವ ಮ್ಯಾಕ್ ವಿಳಾಸವನ್ನೂ (ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ) ಬಿಡಬೇಡಿ.

ಇಂಟರ್ನೆಟ್‌ಗಾಗಿ ದಿನವೂ ಒಂದು ಐಕಾನ್ ಒತ್ತಿ ‘ಕನೆಕ್ಟ್’ ಮಾಡುತ್ತಿದ್ದರೆ ನಿಮ್ಮದು ಬಹುಶಃ ಪಿಪಿಪಿಒಇ ಸಂಪರ್ಕ, ಅಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಕಂಪನಿಗೆ ‘ಡಯಲ್’ ಮಾಡುವ ವಿಧಾನ. ಯೂಸರ್‌ನೇಮ್ ಅಲ್ಲೇ ಕಾಣುತ್ತದೆ. ಪಾಸ್‌ವರ್ಡ್ ಮಾತ್ರ ಚುಕ್ಕೆಗಳ ಹಿಂದೆ ಇರುತ್ತದೆ, ಅದನ್ನು ಇಂಟರ್ನೆಟ್ ಕಂಪನಿಯಿಂದ ಈಗಲೇ ಕೇಳಿ ಪಡೆಯಿರಿ. ಕಂಪನಿ ಕೊಟ್ಟ ಸಿಡಿ ಅಥವಾ ‘ಡಯಲರ್’ ತಂತ್ರಾಂಶ ಲಿನಕ್ಸ್‌ನಲ್ಲಿ ಓಡುವುದಿಲ್ಲವೆಂದು ಗಾಬರಿ ಬೇಡ. ಸಾಮಾನ್ಯವಾಗಿ ಅದರ ಒಳಗಿರುವುದು ಇದೇ ಪಿಪಿಪಿಒಇ ಅಥವಾ ಬ್ರೌಸರ್‌ನಲ್ಲೇ ತೆರೆಯುವ ಒಂದು ಲಾಗಿನ್ ಪುಟ.

ರೌಟರ್ ತಾನೇ ಪಿಪಿಪಿಒಇ ಮಾಡುತ್ತಿದ್ದರೆ ಇದೆಲ್ಲ ನಿಮಗೆ ಸಂಬಂಧವಿಲ್ಲ. ಲಿನಕ್ಸ್ ಕೇಬಲ್ ಅಥವಾ ವೈಫೈ ಮೂಲಕ ಡಿಎಚ್‌ಸಿಪಿ ವಿಳಾಸ ಪಡೆದರೆ ಸಾಕು. ಸಾಧ್ಯವಿದ್ದವರು ಯೂಸರ್‌ನೇಮ್, ಪಾಸ್‌ವರ್ಡ್‌ಗಳನ್ನು ರೌಟರ್‌ಗೇ ಹಾಕಿಬಿಡುವುದು ಎಲ್ಲಕ್ಕಿಂತ ಒಳ್ಳೆಯದು. ಆಮೇಲೆ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಿದರೂ ಚಿಂತೆಯಿಲ್ಲ.

ದೋಷ ಲೈನಿನಲ್ಲೋ, ಕಂಪ್ಯೂಟರ್‌ನಲ್ಲೋ

ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ ಒಂದು ಪುಟ ತೆರೆಯಿರಿ. ಅದೂ ತೆರೆಯದಿದ್ದರೆ ಲಿನಕ್ಸ್ ತಪ್ಪಿತಸ್ಥನಲ್ಲ, ರೌಟರ್ ಅಥವಾ ಲೈನ್ ನೋಡಬೇಕು. ಫೋನಿನಲ್ಲಿ ಬರುತ್ತದೆ, ಕಂಪ್ಯೂಟರ್‌ನಲ್ಲಿ ಬರುವುದಿಲ್ಲ ಎಂದಾದರೆ ಟರ್ಮಿನಲ್ ತೆರೆಯಿರಿ.

‘ಐಪಿ ಎ’ ಎಂದು ಕೊಡಿ. ‘ಎಲ್ಒ’ ಎಂಬುದು ಕಂಪ್ಯೂಟರ್ ತನ್ನೊಳಗೇ ಮಾತಾಡುವ ಕೊಂಡಿ, ಅದನ್ನು ಬಿಡಿ. ‘ಇಎನ್’ ಎಂದು ಶುರುವಾಗುವುದು ಕೇಬಲ್, ‘ಡಬ್ಲ್ಯುಎಲ್’ ಎಂದು ಶುರುವಾಗುವುದು ವೈಫೈ. ಈಗ ಮೂರು ಪ್ರಶ್ನೆ. ಈ ಎರಡರಲ್ಲಿ ನಿಮಗೆ ಬೇಕಾದ ಹೆಸರು ಪಟ್ಟಿಯಲ್ಲೇ ಇಲ್ಲವೇ? ಹಾಗಿದ್ದರೆ ಡ್ರೈವರ್ ಸಮಸ್ಯೆ. ಹೆಸರಿದೆ, ಆದರೆ ‘ನೋ-ಕ್ಯಾರಿಯರ್’ ಎಂದಿದೆಯೇ? ಕೇಬಲ್ ಕೂಡಿಲ್ಲ, ಅಥವಾ ವೈಫೈ ಸೇರಿಲ್ಲ. ಕೊಂಡಿ ಸರಿಯಿದೆ, ಆದರೆ ‘ಐನೆಟ್’ ಎಂಬ ಸಾಲು ಇಲ್ಲವೇ? ವಿಳಾಸ ಸಿಕ್ಕಿಲ್ಲ.

ವಿಳಾಸವೂ ಇದ್ದರೆ ‘ಐಪಿ ರೂಟ್’ ಕೊಡಿ. ‘ಡಿಫಾಲ್ಟ್ ವಯಾ’ ಮುಂದೆ ಇರುವುದು ರೌಟರ್‌ನ ವಿಳಾಸ, ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅದನ್ನು ‘ಪಿಂಗ್ -ಸಿ 4’ ಹಾಕಿ ಕರೆಯಿರಿ. ಉತ್ತರ ಬಂದರೆ 1.1.1.1 ಅನ್ನು ಕರೆಯಿರಿ. ಅದೂ ಬಂದರೆ ಯಾವುದಾದರೂ ಜಾಲತಾಣದ ಹೆಸರನ್ನು ಕರೆಯಿರಿ. ಎಲ್ಲಿ ಉತ್ತರ ನಿಲ್ಲುತ್ತದೋ ಕೆಳಗಿನ ಆ ಭಾಗಕ್ಕೆ ನೇರ ಹೋಗಿ.

ಕಾರ್ಡ್ ಕಾಣುತ್ತಿಲ್ಲ

ಕೇಬಲ್ ಕಾರ್ಡ್‌ಗಳಲ್ಲಿ ಇದು ಅಪರೂಪ, ವೈಫೈಯಲ್ಲಿ ತೀರಾ ಸಾಮಾನ್ಯ. ಮೊದಲು ‘ಎಲ್ಎಸ್‌ಪಿಸಿಐ -ಎನ್ಎನ್‌ಕೆ’ ಕೊಟ್ಟು ‘ನೆಟ್‌ವರ್ಕ್ ಕಂಟ್ರೋಲರ್’ ಸಾಲನ್ನು ಹುಡುಕಿ. ಯುಎಸ್‌ಬಿ ಡಾಂಗಲ್ ಆದರೆ ‘ಎಲ್ಎಸ್‌ಯುಎಸ್‌ಬಿ’. ಸಾಲಿನ ಕೊನೆಯ ಚೌಕ ಆವರಣದೊಳಗಿನ ಸಂಖ್ಯೆಯ ಮೊದಲ ಭಾಗ ತಯಾರಕರ ಗುರುತು: 8086 ಇಂಟೆಲ್, 14ಇ4 ಬ್ರಾಡ್‌ಕಾಮ್, 10ಇಸಿ ರಿಯಲ್‌ಟೆಕ್, 14ಸಿ3 ಮೀಡಿಯಾಟೆಕ್. ಯುಎಸ್‌ಬಿ ಡಾಂಗಲ್‌ಗಳಲ್ಲಿ ಈ ಗುರುತುಗಳು ಬೇರೆ ಇರುತ್ತವೆ. ಡಬ್ಬದ ಮೇಲೆ ಬರೆದ ಹೆಸರನ್ನು ನಂಬಬೇಡಿ. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಇರುವ ಡಾಂಗಲ್‌ಗಳು ಮಾರಾಟವಾಗುತ್ತವೆ.

ಅದೇ ಕಾರ್ಡಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಇದ್ದರೆ ಡ್ರೈವರ್ ಹತ್ತಿದೆ, ಕೊರತೆ ಬಹುಶಃ ಫರ್ಮ್‌ವೇರ್‌ನದು (ಕಾರ್ಡಿನೊಳಗೆ ಓಡುವ ತಂತ್ರಾಂಶ). ‘ಸುಡೋ ಡಿಎಂಇಎಸ್‌ಜಿ’ ಕೊಟ್ಟು ಫರ್ಮ್‌ವೇರ್ ಎಂಬ ಪದ ಹುಡುಕಿದರೆ ಯಾವ ಕಡತ ಸಿಗಲಿಲ್ಲ ಎಂದು ಹೆಸರು ಸಮೇತ ಬರೆದಿರುತ್ತದೆ. ಡೆಬಿಯನ್‌ನ ಹಳೆಯ ಅನುಸ್ಥಾಪನಾ ಚಿತ್ರಗಳಲ್ಲಿ (ಐಎಸ್ಒ ಕಡತಗಳಲ್ಲಿ) ಮುಕ್ತವಲ್ಲದ ಫರ್ಮ್‌ವೇರ್ ಇರುತ್ತಿರಲಿಲ್ಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಅದು ಅಧಿಕೃತ ಚಿತ್ರದಲ್ಲೇ ಸೇರಿದೆ. ಹಾಗಾಗಿ ಹಳೆಯ ಪೆನ್‌ಡ್ರೈವ್‌ನಿಂದ ಹಾಕಿದ್ದರೆ ಹೊಸ ಚಿತ್ರ ಇಳಿಸಿಕೊಂಡು ಮತ್ತೆ ಹಾಕುವುದೇ ಸುಲಭದ ದಾರಿ.

ಇಂಟರ್ನೆಟ್ ಇಲ್ಲದೆ ಡ್ರೈವರ್ ಇಳಿಸುವುದು ಹೇಗೆ ಎಂಬ ತೊಡಕಿಗೆ ಫೋನೇ ಉತ್ತರ. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಅದರ ಸೆಟ್ಟಿಂಗ್ಸ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್ ಅದನ್ನು ಕೇಬಲ್ ಸಂಪರ್ಕವೆಂದೇ ತಿಳಿದು ತಾನಾಗಿ ಕೂಡಿಕೊಳ್ಳುತ್ತದೆ. ಬೇರೆ ಡ್ರೈವರ್ ಬೇಡ. ಕೇಬಲ್ ಮಾತ್ರ ಡೇಟಾ ಸಾಗಿಸುವಂಥದ್ದಾಗಿರಲಿ, ಚಾರ್ಜಿಂಗ್‌ಗಷ್ಟೇ ಇರುವ ಕೇಬಲ್‌ನಲ್ಲಿ ಟೆದರಿಂಗ್ ಆಯ್ಕೆ ಬೂದಾಗಿಯೇ ಉಳಿಯುತ್ತದೆ. ಹೀಗೆ ಸಂಪರ್ಕ ಬಂದ ಮೇಲೆ ಉಬುಂಟುವಿನಲ್ಲಿ ‘ಅಡಿಷನಲ್ ಡ್ರೈವರ್ಸ್’, ಮಿಂಟ್‌ನಲ್ಲಿ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಬ್ರಾಡ್‌ಕಾಮ್‌ನಂಥ ಕಾರ್ಡ್‌ಗಳಿಗೆ ಬೇಕಾದದ್ದು ಅಲ್ಲೇ ಕಾಣುತ್ತದೆ.

ಡ್ರೈವರ್ ಹಾಕಿದ ಮೇಲೂ ಕಾರ್ಡ್ ಏಳದಿದ್ದರೆ ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಿನ ಸುರಕ್ಷತಾ ತಪಾಸಣೆ) ಕಡೆ ನೋಡಿ. ಸಹಿ ಇಲ್ಲದ ಡ್ರೈವರನ್ನು ಅದು ಒಳಗೆ ಬಿಡುವುದಿಲ್ಲ. ಲಾಗ್‌ನಲ್ಲಿ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್’ ಎಂದಿದ್ದರೆ ಇದೇ ಕಾರಣ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳಿರುತ್ತದೆ. ಮುಂದಿನ ಸಲ ಕಂಪ್ಯೂಟರ್ ಶುರುವಾದಾಗ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಆ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡು ಇರುತ್ತದೆ, ಏನೂ ಒತ್ತದಿದ್ದರೆ ಕಂಪ್ಯೂಟರ್ ಮುಂದೆ ಹೋಗಿಬಿಡುತ್ತದೆ. ಅಂಥ ಸಂದರ್ಭದಲ್ಲಿ ಡ್ರೈವರ್ ಪ್ಯಾಕೇಜನ್ನು ತೆಗೆದು ಮತ್ತೆ ಹಾಕಿ, ಪರದೆಯ ಮುಂದೆ ಕಾಯುತ್ತ ಕೂರಿ.

ರಿಯಲ್‌ಟೆಕ್‌ನ ಕೆಲವು ಯುಎಸ್‌ಬಿ ಡಾಂಗಲ್‌ಗಳು ಸಿಕ್ಕಿಸಿದ ಕೂಡಲೇ ತಾವೊಂದು ಸಿಡಿ ಡ್ರೈವ್ ಎಂದು ಹೇಳಿಕೊಳ್ಳುತ್ತವೆ. ವಿಂಡೋಸ್ ಡ್ರೈವರ್ ಆ ‘ಸಿಡಿ’ಯೊಳಗಿರುತ್ತದೆ. ‘ಎಲ್ಎಸ್‌ಯುಎಸ್‌ಬಿ’ ಪಟ್ಟಿಯಲ್ಲಿ 0ಬಿಡಿಎ:1ಎ2ಬಿ ಎಂಬ ಗುರುತು ಕಂಡರೆ ಡಾಂಗಲ್ ಇನ್ನೂ ಆ ವೇಷದಲ್ಲೇ ಇದೆ. ಫೈಲ್ ಮ್ಯಾನೇಜರ್‌ನಲ್ಲಿ ಕಾಣುವ ಆ ಸಿಡಿಯನ್ನು ‘ಇಜೆಕ್ಟ್’ ಮಾಡಿದರೆ ವೈಫೈ ಆಗಿ ಬದಲಾಗುತ್ತದೆ. ‘ಯುಎಸ್‌ಬಿ-ಮೋಡ್‌ಸ್ವಿಚ್’ ಪ್ಯಾಕೇಜ್ ಇದ್ದರೆ ಈ ಕೆಲಸ ತಾನಾಗಿ ಆಗುತ್ತದೆ.

ಕಾರ್ಡ್ ಇದೆ, ಸತ್ತಂತಿದೆ

ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಈ ದೋಷ ಬಹಳ ಕಾಡುತ್ತದೆ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಒತ್ತಿದರೂ ಕಂಪ್ಯೂಟರ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ನೆಟ್‌ವರ್ಕ್ ಕಾರ್ಡ್ ವಿಂಡೋಸ್ ಬಿಟ್ಟ ಸ್ಥಿತಿಯಲ್ಲೇ ಉಳಿದು ಲಿನಕ್ಸ್ ಕರೆದರೆ ಏಳುವುದಿಲ್ಲ. ಲಕ್ಷಣ ಸ್ಪಷ್ಟ: ವಿಂಡೋಸ್ ಬಳಸಿದ ನಂತರ ಲಿನಕ್ಸ್‌ಗೆ ಬಂದಾಗ ಮಾತ್ರ ಇಂಟರ್ನೆಟ್ ಇಲ್ಲ, ಲಿನಕ್ಸ್‌ನಿಂದಲೇ ರೀಸ್ಟಾರ್ಟ್ ಮಾಡುತ್ತಿದ್ದ ದಿನಗಳಲ್ಲಿ ತೊಂದರೆಯಿಲ್ಲ.

ತಾತ್ಕಾಲಿಕ ಪರಿಹಾರಕ್ಕೆ ಕಂಪ್ಯೂಟರ್ ಆಫ್ ಮಾಡಿ, ವಿದ್ಯುತ್ ಪ್ಲಗ್ ಎಳೆದು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿದು, ಒಂದು ನಿಮಿಷ ಬಿಟ್ಟು ಮತ್ತೆ ಸಿಕ್ಕಿಸಿ. ಶಾಶ್ವತ ಪರಿಹಾರ ವಿಂಡೋಸ್‌ನೊಳಗೇ ಇದೆ: ಕಂಟ್ರೋಲ್ ಪ್ಯಾನಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡೂ’ ಎಂಬಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆಯಿರಿ. ವಿಂಡೋಸ್ ಡಿಸ್ಕ್ ಭಾಗದಲ್ಲಿ ಲಿನಕ್ಸ್‌ನಿಂದ ಕಡತ ಬರೆಯುವವರಿಗೆ ಇದು ಹೇಗೂ ಬೇಕಾದ ಕೆಲಸ.

ವೈಫೈ ಮಾತ್ರ ಸತ್ತಿದ್ದರೆ ‘ಆರ್‌ಎಫ್‌ಕಿಲ್ ಲಿಸ್ಟ್’ ನೋಡಿ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಸಾಕು. ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ಯಾವ ಕಮಾಂಡ್‌ಗೂ ಅದು ಜಗ್ಗುವುದಿಲ್ಲ, ಲ್ಯಾಪ್‌ಟಾಪ್‌ನ ಅಂಚಿನ ಸ್ವಿಚ್, ಏರೋಪ್ಲೇನ್ ಗುರುತಿನ ಕೀಲಿ ಅಥವಾ ಬಯಾಸ್‌ನಲ್ಲಿ ಆನ್ ಮಾಡಬೇಕು.

ಡೆಬಿಯನ್ ಬಳಕೆದಾರರು ‘ಎನ್ಎಂಸಿಎಲ್ಐ ಡಿವೈಸ್’ ಕೊಟ್ಟಾಗ ಕಾರ್ಡ್ ಎದುರು ‘ಅನ್‌ಮ್ಯಾನೇಜ್ಡ್’ ಎಂದು ಕಾಣಬಹುದು. ಅನುಸ್ಥಾಪಿಸುವಾಗ ನೆಟ್‌ವರ್ಕ್ ಬಳಸಿದ್ದರೆ ಕಾರ್ಡಿನ ಹೆಸರು ‘/ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್’ ಕಡತದಲ್ಲಿ ಸೇರಿಕೊಂಡಿರುತ್ತದೆ, ಅಲ್ಲಿ ಹೆಸರಿರುವ ಕಾರ್ಡನ್ನು ಸಂಪರ್ಕ ನೋಡಿಕೊಳ್ಳುವ ತಂತ್ರಾಂಶ ನೆಟ್‌ವರ್ಕ್‌ಮ್ಯಾನೇಜರ್ ಮುಟ್ಟುವುದಿಲ್ಲ. ಕಡತದ ಪ್ರತಿ ಇಟ್ಟುಕೊಂಡು, ‘ಎಲ್ಒ’ಗೆ ಸಂಬಂಧಿಸಿದ ಸಾಲುಗಳನ್ನು ಬಿಟ್ಟು ಆ ಕಾರ್ಡಿನ ಸಾಲುಗಳ ಮುಂದೆ ಹ್ಯಾಷ್ ಚಿಹ್ನೆ ಹಾಕಿ ರೀಸ್ಟಾರ್ಟ್ ಮಾಡಿ. ಕಾರ್ಡ್ ಮತ್ತೆ ಪಟ್ಟಿಗೆ ಬರುತ್ತದೆ.

ಕೂಡಿದೆ, ವಿಳಾಸ ಸಿಕ್ಕಿಲ್ಲ

ವಿಂಡೋಸ್‌ನಲ್ಲಿ ಹೀಗಾದಾಗ 169.254 ಎಂದು ಶುರುವಾಗುವ ವಿಳಾಸ ಕಾಣುತ್ತಿತ್ತು. ನೆಟ್‌ವರ್ಕ್‌ಮ್ಯಾನೇಜರ್ ಸಾಮಾನ್ಯವಾಗಿ ಅಂಥ ವಿಳಾಸ ಹಾಕಿಕೊಳ್ಳುವುದಿಲ್ಲ. 45 ಸೆಕೆಂಡು ಕಾದು, ಉತ್ತರ ಬಾರದಿದ್ದರೆ ಸಂಪರ್ಕ ವಿಫಲವಾಯಿತು ಎನ್ನುತ್ತದೆ. ಕಾರಣ ತಿಳಿಯಲು ‘ಜರ್ನಲ್‌ಸಿಟಿಎಲ್ -ಬಿ -ಯು ನೆಟ್‌ವರ್ಕ್‌ಮ್ಯಾನೇಜರ್’ ಕೊಡಿ (ಇಲ್ಲಿ ಎನ್ ಮತ್ತು ಎಂ ದೊಡ್ಡಕ್ಷರ), ಕೊನೆಯ ಇಪ್ಪತ್ತು ಸಾಲು ಓದಿ.

ಫೋನಿಗೆ ವಿಳಾಸ ಸಿಗುತ್ತದೆ, ಕಂಪ್ಯೂಟರ್‌ಗೆ ಸಿಗುವುದಿಲ್ಲ ಎಂದಾದರೆ ಮ್ಯಾಕ್ ವಿಳಾಸದ ಬಗ್ಗೆ ಅನುಮಾನಪಡಿ. ಕೆಲವು ಇಂಟರ್ನೆಟ್ ಕಂಪನಿಗಳು, ಕೆಲವು ರೌಟರ್‌ಗಳು ಪರಿಚಯವಿರುವ ಮ್ಯಾಕ್‌ಗೆ ಮಾತ್ರ ಸೇವೆ ಕೊಡುತ್ತವೆ. ಹಾರ್ಡ್‌ವೇರ್ ಅದೇ ಆದರೂ ವಿಂಡೋಸ್‌ನಲ್ಲಿ ‘ರ್‍ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್’ ಆನ್ ಇದ್ದಿರಬಹುದು, ಅಥವಾ ಹಿಂದೆ ತಂತ್ರಜ್ಞರು ಹಳೆಯ ಕಾರ್ಡಿನ ಮ್ಯಾಕನ್ನು ಹೊಸ ಕಾರ್ಡಿಗೆ ತುಂಬಿರಬಹುದು. ವಿಂಡೋಸ್‌ನಲ್ಲಿ ತೆಗೆದ ಫೋಟೋ ಇಲ್ಲಿ ಕೆಲಸಕ್ಕೆ ಬರುತ್ತದೆ: ಅದರಲ್ಲಿರುವ ಮ್ಯಾಕನ್ನು ಸಂಪರ್ಕದ ಸೆಟ್ಟಿಂಗ್‌ನಲ್ಲಿ ‘ಕ್ಲೋನ್ಡ್ ಅಡ್ರೆಸ್’ ಎಂಬ ಜಾಗದಲ್ಲಿ ತುಂಬಿ ಮತ್ತೆ ಕೂಡಿಸಿ.

ವೈಫೈ ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಮತ್ತೆ ಕೇಳುತ್ತಿದ್ದರೆ ಉಳಿಸಿದ ಸಂಪರ್ಕವನ್ನು ಅಳಿಸಿ ಹೊಸದಾಗಿ ಸೇರಿಸಿ. ಅದರಿಂದಲೂ ಆಗದಿದ್ದರೆ ರೌಟರ್‌ನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಬೆರೆಸಿದ ಸುರಕ್ಷತಾ ವಿಧಾನ ಇದ್ದಲ್ಲಿ ಪರೀಕ್ಷೆಗಾಗಿ ಡಬ್ಲ್ಯುಪಿಎ2 ಒಂದನ್ನೇ ಇಡಿ, ಹಳೆಯ ಕಾರ್ಡ್‌ಗಳು ಆ ಬೆರಕೆಯಲ್ಲಿ ಎಡವುತ್ತವೆ. ಇನ್ನು ಪಕ್ಕದ ವೈಫೈಗಳೆಲ್ಲ ಕಾಣುತ್ತವೆ, ನಿಮ್ಮದು ಮಾತ್ರ ಕಾಣುವುದಿಲ್ಲ ಎಂದರೆ ರೌಟರ್ 12 ಅಥವಾ 13ನೇ ಚಾನಲ್‌ನಲ್ಲಿರಬಹುದು. ‘ಐಡಬ್ಲ್ಯು ರೆಗ್ ಗೆಟ್’ ಕೊಟ್ಟಾಗ ದೇಶದ ಜಾಗದಲ್ಲಿ 00 ಬಂದರೆ ಯಾವ ದೇಶ ಎಂದು ಕಾರ್ಡಿಗೆ ಗೊತ್ತಿಲ್ಲ, ಆದ್ದರಿಂದ ಅಂಥ ಚಾನಲ್‌ಗಳಲ್ಲಿ ಮಾತಾಡಲು ಹಿಂಜರಿಯುತ್ತದೆ. ರೌಟರ್ ಅನ್ನು 1, 6, 11ರಲ್ಲಿ ಒಂದಕ್ಕೆ ಬದಲಿಸುವುದು ಸುಲಭ.

ಪಿಪಿಪಿಒಇ ಡಯಲ್ ಆಗುತ್ತಿಲ್ಲ

ಮೋಡೆಮ್ ಬ್ರಿಡ್ಜ್ ವಿಧಾನದಲ್ಲಿದ್ದು (ತಾನು ಡಯಲ್ ಮಾಡದೆ ಲೈನನ್ನು ದಾಟಿಸಿಬಿಡುತ್ತಿದ್ದು) ಕಂಪ್ಯೂಟರೇ ಡಯಲ್ ಮಾಡಬೇಕಾದವರಿಗೆ ಇದು. ಗ್ನೋಮ್‌ನ ಸಾಮಾನ್ಯ ಸೆಟ್ಟಿಂಗ್ಸ್ ಪುಟದಲ್ಲಿ ಪಿಪಿಪಿಒಇ ಸೇರಿಸುವ ಆಯ್ಕೆ ಸಿಗದೆ ಜನ ಸೋಲುತ್ತಾರೆ. ‘ಎನ್ಎಂ-ಕನೆಕ್ಷನ್-ಎಡಿಟರ್’ ಎಂದು ಟರ್ಮಿನಲ್‌ನಲ್ಲಿ ಕೊಟ್ಟರೆ ಬೇರೊಂದು ಕಿಟಕಿ ತೆರೆಯುತ್ತದೆ. ಕೂಡಿಸು ಗುರುತು ಒತ್ತಿ ‘ಡಿಎಸ್ಎಲ್/ಪಿಪಿಪಿಒಇ’ ಆರಿಸಿ, ಯಾವ ಕೇಬಲ್ ಕಾರ್ಡ್ ಎಂದು ತಿಳಿಸಿ, ಯೂಸರ್‌ನೇಮ್ ಪೂರ್ತಿ ತುಂಬಿ. ಯೂಸರ್‌ನೇಮ್‌ನಲ್ಲಿ ‘ಆ್ಯಟ್’ ಚಿಹ್ನೆಯ ನಂತರದ ಭಾಗವಿದ್ದರೆ ಅದೂ ಬೇಕು. ‘ಸರ್ವೀಸ್’ ಎಂಬ ಜಾಗವನ್ನು ಕಂಪನಿ ಹೇಳದ ಹೊರತು ಖಾಲಿ ಬಿಡಿ. ಅಲ್ಲಿ ಕಂಪನಿಯ ಹೆಸರು ತುಂಬಿದರೆ ಡಯಲ್ ಆಗದೇ ಹೋಗಬಹುದು.

ಲಾಗ್‌ನಲ್ಲಿ ಬರುವ ಸಂದೇಶ ಕಾರಣವನ್ನು ನೇರ ಹೇಳುತ್ತದೆ. ‘ಟೈಮ್ಔಟ್ ವೇಟಿಂಗ್ ಫಾರ್ ಪಿಎಡಿಒ ಪ್ಯಾಕೆಟ್ಸ್’ ಎಂದರೆ ನೀವು ಕರೆದದ್ದಕ್ಕೆ ಆ ತುದಿಯಲ್ಲಿ ಯಾರೂ ಓಗೊಡಲಿಲ್ಲ. ಇಲ್ಲಿ ಪಾಸ್‌ವರ್ಡ್ ಪ್ರಶ್ನೆಯೇ ಬಂದಿಲ್ಲ, ಅದನ್ನು ಹತ್ತು ಸಲ ತಿದ್ದಿ ಪ್ರಯೋಜನವಿಲ್ಲ. ಕೇಬಲ್ ಬೇರೆ ಪೋರ್ಟ್‌ನಲ್ಲಿದೆ, ಮೋಡೆಮ್ ಬ್ರಿಡ್ಜ್ ವಿಧಾನದಲ್ಲಿಲ್ಲ, ರೌಟರ್ ಆಗಲೇ ತಾನೇ ಡಯಲ್ ಮಾಡಿದೆ, ಅಥವಾ ಲೈನಿಗೆ ವಿಲ್ಯಾನ್ (ಒಂದೇ ಕೇಬಲ್‌ನೊಳಗೆ ಬೇರ್ಪಡಿಸಿದ ಜಾಲ) ಸಂಖ್ಯೆ ಬೇಕು, ಈ ನಾಲ್ಕರಲ್ಲಿ ಒಂದು. ವಿಂಡೋಸ್‌ನಲ್ಲಿ ಕಾರ್ಡಿನ ‘ಅಡ್ವಾನ್ಸ್ಡ್’ ಪಟ್ಟಿಯಲ್ಲಿ ವಿಲ್ಯಾನ್ ಐಡಿ ತುಂಬಿತ್ತೇ ನೋಡಿ. ಇದ್ದರೆ ಲಿನಕ್ಸ್‌ನಲ್ಲಿ ಮೊದಲು ಆ ಸಂಖ್ಯೆಯ ವಿಲ್ಯಾನ್ ಸಂಪರ್ಕ ಮಾಡಿ, ಅದರ ಮೇಲೆ ಪಿಪಿಪಿಒಇ ಕೂರಿಸಬೇಕು.

‘ಆಥೆಂಟಿಕೇಷನ್ ಫೇಲ್ಡ್’ ಎಂದು ಬಂದರೆ ಮಾತ್ರ ಯೂಸರ್‌ನೇಮ್, ಪಾಸ್‌ವರ್ಡ್ ಪರೀಕ್ಷಿಸಿ. ಎರಡೂ ಸರಿಯಿದ್ದು ಹೀಗಾದರೆ ವಿಂಡೋಸ್‌ನಲ್ಲಿ ಸರಿಯಾಗಿ ಮುಚ್ಚದ ಹಳೆಯ ಸೆಷನ್ ಕಂಪನಿಯ ಕಡೆ ಇನ್ನೂ ತೆರೆದಿರಬಹುದು. ಒಂದು ಖಾತೆಗೆ ಒಂದೇ ಸೆಷನ್ ಬಿಡುವ ಕಡೆ ಇದು ಆಗುತ್ತದೆ. ಮೋಡೆಮ್ ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟು ನೋಡಿ.

ಕೆಲವು ಪುಟ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ

ಹುಡುಕಾಟದ ಪುಟ ಬರುತ್ತದೆ, ಬ್ಯಾಂಕಿನ ಪುಟ ಸುತ್ತುತ್ತಲೇ ಇರುತ್ತದೆ. ಮೆಸೇಜ್ ಹೋಗುತ್ತದೆ, ಫೋಟೋ ಹೋಗುವುದಿಲ್ಲ. ಜನ ಇದನ್ನು ‘ಸ್ಲೋ ನೆಟ್’ ಎಂದು ತಿಳಿದು ಬಿಟ್ಟುಬಿಡುತ್ತಾರೆ. ಪಿಪಿಪಿಒಇ ಲೈನಿನಲ್ಲಿ ಇದು ಬಹುಮಟ್ಟಿಗೆ ಎಂಟಿಯು ದೋಷ, ಎಂಟಿಯು ಎಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ. ಈಥರ್ನೆಟ್‌ನ ಒಂದು ಪ್ಯಾಕೆಟ್ ಹೆಚ್ಚೆಂದರೆ 1500 ಬೈಟ್. ಪಿಪಿಪಿಒಇ ತನ್ನ ತಲೆಬರಹಕ್ಕೆ 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ಅದಕ್ಕಿಂತ ದೊಡ್ಡ ಪ್ಯಾಕೆಟ್ ಬಂದಾಗ ‘ಚಿಕ್ಕದು ಮಾಡು’ ಎಂದು ತಿಳಿಸುವ ಸಂದೇಶವನ್ನು ದಾರಿಯಲ್ಲಿ ಯಾವುದೋ ಫೈರ್‌ವಾಲ್ ತಡೆದರೆ, ಕಳಿಸಿದವರಿಗೆ ಸುಳಿವಿಲ್ಲದೆ ಪ್ಯಾಕೆಟ್ ಕಳೆದುಹೋಗುತ್ತದೆ. ಚಿಕ್ಕ ಪ್ಯಾಕೆಟ್‌ಗಳು ಸಲೀಸಾಗಿ ಹೋಗುವುದರಿಂದ ಪಿಂಗ್ ಯಾವಾಗಲೂ ಸರಿಯೆಂದೇ ತೋರುತ್ತದೆ. ವಿಂಡೋಸ್‌ನ ಪಿಪಿಪಿಒಇ ಮೊದಲಿನಿಂದಲೇ 1480 ಇಟ್ಟುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಈ ದೋಷ ಅಡಗಿಯೇ ಇದ್ದಿರಬಹುದು.

ಪರೀಕ್ಷೆ ಹೀಗೆ: ‘ಪಿಂಗ್ -ಎಂ ಡೂ -ಎಸ್ 1472 1.1.1.1’. ಇಲ್ಲಿ ಎಂ ದೊಡ್ಡಕ್ಷರ, ಎಸ್ ಸಣ್ಣಕ್ಷರ. ಒಡೆಯದೆ ಕಳಿಸು ಎಂಬುದು ಇದರ ಅರ್ಥ. 1472ಕ್ಕೆ 28 ಬೈಟ್ ತಲೆಬರಹ ಸೇರಿ 1500 ಆಗುತ್ತದೆ. ಉತ್ತರ ಬಂದರೆ ಎಂಟಿಯು ದೋಷವಲ್ಲ. ಬಾರದಿದ್ದರೆ 1464 ಹಾಕಿ, ಅದೂ ಬಾರದಿದ್ದರೆ ಹತ್ತು ಹತ್ತು ಇಳಿಸುತ್ತ ಹೋಗಿ. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ನಿಮ್ಮ ಎಂಟಿಯು. 1464ರಲ್ಲಿ ಬಂದರೆ 1492. ಆ ಸಂಖ್ಯೆಯನ್ನು ಸಂಪರ್ಕದ ಸೆಟ್ಟಿಂಗ್‌ನ ಎಂಟಿಯು ಜಾಗದಲ್ಲಿ ತುಂಬಿ. ಡಯಲ್ ಮಾಡುವುದು ರೌಟರ್ ಆದರೆ ಅದರ ವ್ಯಾನ್ (ಇಂಟರ್ನೆಟ್ ಕಡೆಯ ಸಂಪರ್ಕದ) ಪುಟದಲ್ಲಿ ತುಂಬಿ, ಆಗ ಮನೆಯ ಎಲ್ಲ ಸಾಧನಗಳಿಗೂ ಅನ್ವಯವಾಗುತ್ತದೆ.

1.1.1.1 ಬರುತ್ತದೆ, ಹೆಸರು ಬರುವುದಿಲ್ಲ

ಈಗ, ಈಗ ಮಾತ್ರ, ಡಿಎನ್ಎಸ್ ಮುಟ್ಟಬಹುದು. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಕೊಟ್ಟರೆ ಯಾವ ಡಿಎನ್ಎಸ್ ಬಳಕೆಯಲ್ಲಿದೆ ಎಂದು ಕಾಣುತ್ತದೆ. ಹಳೆಯ ಮಾರ್ಗದರ್ಶಿಗಳು ‘/ಇಟಿಸಿ/ರಿಸಾಲ್ವ್.ಕಾನ್ಫ್’ ತಿದ್ದಲು ಹೇಳುತ್ತವೆ. ಉಬುಂಟುವಿನಲ್ಲಿ ಆ ಕಡತದೊಳಗೆ 127.0.0.53 ಇರುವುದು ಸರಿಯೇ, ಅದು ಕಂಪ್ಯೂಟರ್‌ನೊಳಗಿನ ಸಹಾಯಕ. ಕೈಯಿಂದ ತಿದ್ದಿದರೆ ಮುಂದಿನ ಸಲ ಅಳಿಸಿಹೋಗುತ್ತದೆ. ಬದಲಿಗೆ ಸಂಪರ್ಕದ ಐಪಿವಿ4 ಪುಟದಲ್ಲಿ ಡಿಎನ್ಎಸ್‌ನ ‘ಆಟೋಮ್ಯಾಟಿಕ್’ ತೆಗೆದು 1.1.1.1, 8.8.8.8 ಎಂದು ಬರೆದು ಸಂಪರ್ಕ ಕಡಿದು ಮತ್ತೆ ಕೂಡಿಸಿ. ಕಂಪನಿಯ ಲಾಗಿನ್ ಪುಟ ಇರುವವರು ಇದನ್ನು ಮಾಡಬಾರದು, ಆ ಪುಟದ ಹೆಸರು ಕಂಪನಿಯ ಡಿಎನ್ಎಸ್‌ಗೆ ಮಾತ್ರ ಗೊತ್ತಿರಬಹುದು.

ಹೆಸರು ಬರುತ್ತದೆ, ಬ್ರೌಸರ್ ಮಾತ್ರ ಸರ್ಟಿಫಿಕೇಟ್ ಸರಿಯಿಲ್ಲ ಎನ್ನುತ್ತಿದ್ದರೆ ಮೂಲೆಯ ಗಡಿಯಾರ ನೋಡಿ. ವಿಂಡೋಸ್ ಹಾರ್ಡ್‌ವೇರ್ ಗಡಿಯಾರದಲ್ಲಿ ಸ್ಥಳೀಯ ಸಮಯ ಬರೆಯುತ್ತದೆ, ಲಿನಕ್ಸ್ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ. ಅದರಿಂದ ಸಮಯ ಕೆಲವು ಗಂಟೆ ತಪ್ಪುತ್ತದೆ. ಮದರ್‌ಬೋರ್ಡ್ ಬ್ಯಾಟರಿ ಹೋಗಿದ್ದರೆ ವರ್ಷಗಳೇ ತಪ್ಪುತ್ತವೆ, ಆಗಂತೂ ಯಾವ ಸುರಕ್ಷಿತ ಪುಟವೂ ತೆರೆಯದು. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಟ್ರೂ’ ಕೊಟ್ಟರೆ ಸಮಯ ಜಾಲದಿಂದ ಸರಿಹೋಗುತ್ತದೆ.

ಬರುತ್ತದೆ, ವೇಗವಿಲ್ಲ

ಕೇಬಲ್‌ನಲ್ಲಿ ‘ಈಥ್‌ಟೂಲ್’ ಜೊತೆ ಕಾರ್ಡಿನ ಹೆಸರು ಕೊಟ್ಟು ‘ಸ್ಪೀಡ್’ ಸಾಲು ನೋಡಿ. ಗಿಗಾಬಿಟ್ ರೌಟರ್ ಇದ್ದೂ 100 ಎಂದು ಬಂದರೆ ಕೇಬಲ್ ಬದಲಿಸಿ. 1000ಕ್ಕೆ ಎಂಟೂ ತಂತಿ ಬೇಕು, 100ಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಒಂದು ತಂತಿ ತುಂಡಾದರೂ ಸಂಪರ್ಕ ನಿಲ್ಲದೆ ವೇಗ ಮಾತ್ರ ಇಳಿಯುವುದು ಇದರಿಂದಲೇ.

ವೈಫೈಯಲ್ಲಿ ರೌಟರ್‌ಗೆ ಪಿಂಗ್ ಹಾಕಿದಾಗ ಒಮ್ಮೆ 3 ಮಿಲಿಸೆಕೆಂಡು, ಒಮ್ಮೆ 200 ಎಂದು ಜಿಗಿಯುತ್ತಿದ್ದರೆ ಕಾರ್ಡಿನ ವಿದ್ಯುತ್ ಉಳಿತಾಯ ಆಫ್ ಮಾಡಿ ನೋಡಿ: ‘ಐಡಬ್ಲ್ಯು ಡೆವ್’, ಕಾರ್ಡಿನ ಹೆಸರು, ‘ಸೆಟ್ ಪವರ್_ಸೇವ್ ಆಫ್’. ಜಿಗಿತ ನಿಂತರೆ ಅದನ್ನು ಶಾಶ್ವತ ಮಾಡಬಹುದು. ಉಬುಂಟುವಿನಲ್ಲಿ ‘/ಇಟಿಸಿ/ನೆಟ್‌ವರ್ಕ್‌ಮ್ಯಾನೇಜರ್/ಕಾನ್ಫ್.ಡಿ’ ಫೋಲ್ಡರ್‌ನಲ್ಲಿ (ಇಲ್ಲಿಯೂ ಎನ್, ಎಂ ದೊಡ್ಡಕ್ಷರ) ವೈಫೈ ಪವರ್‌ಸೇವ್ ಹೆಸರಿನ ಕಡತವಿದೆ, ಅದರೊಳಗಿನ 3 ಅನ್ನು 2 ಮಾಡಿ ರೀಸ್ಟಾರ್ಟ್ ಮಾಡಿ.

ಕಂಪನಿಗೆ ಫೋನ್ ಮಾಡಬೇಕಾಗಿ ಬಂದರೆ ‘ಲಿನಕ್ಸ್’ ಎಂಬಲ್ಲಿಂದ ಮಾತು ಶುರು ಮಾಡಬೇಡಿ, ‘ಅದಕ್ಕೆ ನಮ್ಮಲ್ಲಿ ಬೆಂಬಲವಿಲ್ಲ’ ಎಂದು ಕರೆ ಅಲ್ಲಿಗೇ ಮುಗಿಯುತ್ತದೆ. ಮೋಡೆಮ್‌ನಲ್ಲಿ ಯಾವ ದೀಪ ಉರಿಯುತ್ತಿದೆ, ಪಿಎಡಿಒ ಉತ್ತರ ಬರುತ್ತಿದೆಯೇ ಇಲ್ಲವೇ, ಕಾರ್ಡಿನ ಮ್ಯಾಕ್ ಏನು ಎಂದು ತಿಳಿಸಿ, ಖಾತೆಯಲ್ಲಿ ಹಳೆಯ ಸೆಷನ್ ತೆರೆದಿದೆಯೇ ಎಂದು ನೇರ ಕೇಳಿ. ಇಷ್ಟಿದ್ದರೆ ಅವರು ತಮ್ಮ ಕಡೆ ಪರೀಕ್ಷಿಸಬಹುದು, ಯಾವ ಆಪರೇಟಿಂಗ್ ಸಿಸ್ಟಮ್ ಎಂದು ಅವರು ತಿಳಿಯಬೇಕಾದ ಅಗತ್ಯವೂ ಇಲ್ಲ.